ನೀರಿನ ಕೆಲಸದಲ್ಲೇ ವೃತ್ತಿ ಮುಗಿಸಿದವರ ಬೀಳ್ಕೊಡುಗೆಯಲ್ಲಿ ಏನು ಹೇಳಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಮ್ಮ ಹಿರಿಯ ಸಹೋದ್ಯೋಗಿ ಕುಡಿಯುವ ನೀರಿನ ಶುದ್ಧೀಕರಣ ಘಟಕದಲ್ಲೇ ಇಡೀ ವೃತ್ತಿ ಕಳೆದವರು, ಕೊನೆಯ ವರ್ಷಗಳಲ್ಲಿ ಗುಣಮಟ್ಟದ ನಿಯಮಗಳ ಪಾಲನೆ ನೋಡಿಕೊಂಡವರು. ಈಗ ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆಯಲ್ಲಿ ನೀವು ಮಾತಾಡಬೇಕು. ಆದರೆ "ಅವರ ಕೆಲಸದಲ್ಲಿ ಹೇಳಿಕೊಳ್ಳುವಂಥ ದೊಡ್ಡ ಘಟನೆ ಒಂದೂ ಇಲ್ಲ, ಏನಂತ ಹೊಗಳಲಿ" ಅಂತ ಕೇಳಿದ್ದೀರಿ. ನಾನೂ ನೀರಿನ ಲ್ಯಾಬಿನಲ್ಲಿ ಕೆಲಸ ಮಾಡುವವನು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ದೊಡ್ಡ ಘಟನೆ ಒಂದೂ ಇಲ್ಲ ಅನ್ನುವುದನ್ನೇ ಮೊದಲು ಹೇಳಿ. ಅದೇ ಅವರ ಸಾಧನೆ. ಆದರೆ ಅಷ್ಟು ಹೇಳಿ ನಿಲ್ಲಿಸಬೇಡಿ, ಯಾಕೆಂದರೆ ಸುಮ್ನೆ ಕೇಳಿದವರಿಗೆ ಅದು ಖಾಲಿ ಮಾತು ಅನ್ನಿಸುತ್ತದೆ. ಏನು ಆಗಬಹುದಿತ್ತು, ಅದು ಆಗದಂತೆ ಇವರು ಯಾವ ದಿನ ಏನು ಮಾಡಿದರು, ಇದನ್ನು ಹೆಸರಿಟ್ಟು ಹೇಳಬೇಕು. "ನಿಷ್ಠೆಯಿಂದ ದುಡಿದರು, ಸಮಯಪಾಲನೆ ಮಾಡಿದರು" ಅನ್ನುವ ಮಾತು ಯಾವ ಕಚೇರಿಯಲ್ಲಿ ಯಾರಿಗೆ ಬೇಕಾದರೂ ಹೇಳಬಹುದು. ನೀರಿನ ಕೆಲಸದವರಿಗೆ ಅದು ಸಾಲದು.

ಏನು ಆಗಬಹುದಿತ್ತು ಅನ್ನುವುದಕ್ಕೆ ಚರಿತ್ರೆಯಲ್ಲಿ ಉದಾಹರಣೆ ಬೇಕಾದಷ್ಟಿವೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾ ಬಂತು. ಕೆಲವು ತಿಂಗಳಲ್ಲಿ 8,000ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂಟಿಕೊಂಡಂತೆಯೇ ಆಲ್ಟೋನಾ ಅನ್ನುವ ಊರಿತ್ತು. ಎರಡೂ ಊರಿನವರು ಕುಡಿಯುತ್ತಿದ್ದದ್ದು ಎಲ್ಬೆ ನದಿಯ ನೀರನ್ನೇ. ಆಲ್ಟೋನಾದ ಪಾಲಿಗೆ ಬರುತ್ತಿದ್ದದ್ದು ಇನ್ನೂ ಕೆಟ್ಟ ನೀರು, ಹ್ಯಾಂಬರ್ಗ್‌ನ ಕೊಳಚೆಯೆಲ್ಲ ಸೇರಿದ ಮೇಲೆ ಕೆಳಗೆ ಹರಿದು ಬಂದದ್ದು. ಆದರೂ ಆಲ್ಟೋನಾ ಬಹುಮಟ್ಟಿಗೆ ಉಳಿದುಕೊಂಡಿತು. ವ್ಯತ್ಯಾಸ ಒಂದೇ: ಆಲ್ಟೋನಾದವರು ನೀರನ್ನು ಮರಳಿನ ಫಿಲ್ಟರ್‌ನಲ್ಲಿ ನಿಧಾನವಾಗಿ ಸೋಸಿ ಕೊಡುತ್ತಿದ್ದರು, ಹ್ಯಾಂಬರ್ಗ್‌ನವರು ಹಾಗೇ ಕೊಡುತ್ತಿದ್ದರು. ಎರಡು ಊರಿನ ನಡುವಿನ ಬೀದಿಯಲ್ಲಿ ಒಂದು ಬದಿಯ ಮನೆಗಳಲ್ಲಿ ಕಾಲರಾ, ಇನ್ನೊಂದು ಬದಿಯಲ್ಲಿ ಇಲ್ಲ. ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ ಇದನ್ನು ಅಧ್ಯಯನ ಮಾಡಿ ಬರೆದರು. ಸೋಸಿದ ನೀರಿನ ಒಂದು ಮಿಲಿಲೀಟರಿನಲ್ಲಿ ಬ್ಯಾಕ್ಟೀರಿಯಾ 100ರ ಒಳಗಿರಬೇಕು ಅಂತ ಒಂದು ಅಳತೆಯನ್ನೂ ಕೊಟ್ಟರು. ನೀರಿನ ನಿಯಮಗಳಲ್ಲಿ ಸಂಖ್ಯೆಗಳು ಬರತೊಡಗಿದ್ದು ಇಂಥ ಸಾವುಗಳಿಂದ.

ಕಾಖ್ ಹೆಸರು ಎಲ್ಲರಿಗೂ ಗೊತ್ತು. ಆಲ್ಟೋನಾದಲ್ಲಿ ಮರಳಿನ ಮೇಲಿನ ಕೊಳೆ ಪದರವನ್ನು ಕೆರೆದು ತೆಗೆಯುತ್ತಿದ್ದವರು ಯಾರು, ನೀರು ಬಿಡುವ ವೇಗವನ್ನು ಹೆಚ್ಚಿಸದೆ ಕಾದವರು ಯಾರು? ಆ ಹೆಸರುಗಳು ಯಾರ ಬಾಯಲ್ಲೂ ಇಲ್ಲ. ನಿಮ್ಮ ಹಿರಿಯರು ಈ ಎರಡನೇ ಸಾಲಿನವರು. ನೀವು ವೇದಿಕೆಯ ಮೇಲೆ ಅವರ ಹೆಸರಿನ ಜೊತೆ ಅವರ ಕೆಲಸವನ್ನು ಬಿಡಿಸಿ ಹೇಳಿದರೆ ಅದು ಸಣ್ಣ ವಿಷಯವಲ್ಲ.

ಈಗ ನಿಯಮದ ಮಾತಿಗೆ ಬರುತ್ತೇನೆ, ಯಾಕೆಂದರೆ ಹೊರಗಿನವರಿಗೆ ಅರ್ಥವಾಗದೇ ಇರುವುದು ಅದೇ. ನಿಯಮ ಅಂದರೆ ಜನ ಒಂದು ಪಟ್ಟಿ ಅಂದುಕೊಳ್ಳುತ್ತಾರೆ. ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು, ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು, 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲೈ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಇರಬಾರದು, ಹೀಗೆ. ಇವು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿರುವ ಅಳತೆಗಳು, ಒಂದೊಂದು ದೇಶ ತನ್ನದೇ ಕಾನೂನಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಮಾಡಿ ಇಟ್ಟುಕೊಳ್ಳುತ್ತದೆ. ಪಟ್ಟಿ ಓದುವುದು ಸುಲಭ. ಕಷ್ಟ ಇರುವುದು ಬೇರೆ ಕಡೆ.

ಇ. ಕೋಲೈ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಸ್ಯಾಂಪಲ್ ತಂದು, ಇನ್‌ಕ್ಯುಬೇಟರ್‌ನಲ್ಲಿ ಇಟ್ಟು, ಫಲಿತಾಂಶ ನೋಡುವಷ್ಟರಲ್ಲಿ ಸಾಮಾನ್ಯವಾಗಿ 18ರಿಂದ 24 ಗಂಟೆ ಆಗಿರುತ್ತದೆ. ಅಷ್ಟು ಹೊತ್ತಿಗೆ ಆ ನೀರನ್ನು ಜನ ಕುಡಿದು ಮುಗಿಸಿರುತ್ತಾರೆ! ಅಂದರೆ ಲ್ಯಾಬಿನ ರಿಪೋರ್ಟ್ ನಿನ್ನೆಯ ನೀರಿನ ಕಥೆ ಹೇಳುತ್ತದೆ. ಇವತ್ತಿನ ನೀರನ್ನು ಕಾಯುವವರು ಘಟಕದಲ್ಲಿ ಶಿಫ್ಟ್ ಮಾಡುವವರು. ಸೋಸಿದ ನೀರಿನ ಟರ್ಬಿಡಿಟಿ, ಅಂದರೆ ಎಷ್ಟು ಕಲಕಾಗಿದೆ ಅನ್ನುವುದು, 1 ಎನ್‌ಟಿಯುಗಿಂತ (ಅದನ್ನು ಅಳೆಯುವ ಮಾನ) ಕೆಳಗಿದೆಯಾ? ಕ್ಲೋರಿನ್ ಹಾಕಿದ ಮೇಲೆ ಅದು ಕೆಲಸ ಮಾಡಲು ಕನಿಷ್ಠ ಅರ್ಧ ಗಂಟೆ ಸಿಕ್ಕಿದೆಯಾ? ಪಿಎಚ್ 8ರ ಒಳಗಿದೆಯಾ? ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯಾ? ಇದನ್ನು ಹಗಲೂ ರಾತ್ರಿ ನೋಡಬೇಕು. ಮಳೆ ಬಂದ ಮರುದಿನ ನದಿ ನೀರು ಕೆಂಪಾದಾಗ ಕೊಳೆಯನ್ನು ತಳಕ್ಕಿಳಿಸುವ ಆಲಂ (ಪಟಿಕ) ಎಷ್ಟು ಹೆಚ್ಚಿಸಬೇಕು ಅಂತ ಜಾರ್ ಟೆಸ್ಟ್ ಮಾಡಿ, ಅಂದರೆ ಜಾಡಿಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ನೋಡಿ, ತೀರ್ಮಾನಿಸಬೇಕು, ಅದೂ ಬೇಗ. ಒಳ್ಳೆಯ ಆಪರೇಟರ್‌ಗೆ ನೀರಿನ ಬಣ್ಣ, ವಾಸನೆ, ಪಂಪಿನ ಶಬ್ದ ಕೇಳಿದರೇ ಮೀಟರ್ ತೋರಿಸುವ ಮೊದಲೇ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ. ನಾನು ಇಂಥವರ ಜೊತೆ ಕೆಲಸ ಮಾಡಿದ್ದೇನೆ. ಅವರ ಮೇಲೆ ನನಗಿರುವ ಗೌರವ ಯಾವ ಪ್ರೊಫೆಸರ್ ಮೇಲೂ ಇಲ್ಲ.

ಇದೆಲ್ಲ ನಂಬಿಕೆಯ ಮೇಲೆ ನಿಂತಿದೆ. ಲಾಗ್ ಬುಕ್ಕಿನಲ್ಲಿ ಬರೆದ ಸಂಖ್ಯೆ ನಿಜವಾಗಿ ಅಳೆದ ಸಂಖ್ಯೆಯೇ ಆಗಿರಬೇಕು. ಹಾಗಾಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕೆನಡಾದ ವಾಕರ್‌ಟನ್ ಸಾಕ್ಷಿ. ಒಂಟಾರಿಯೋ ಪ್ರಾಂತ್ಯದ ಸುಮಾರು 5,000 ಜನರ ಸಣ್ಣ ಊರು. 2000ದ ಮೇ ತಿಂಗಳಲ್ಲಿ ಜೋರು ಮಳೆಗೆ ಹೊಲದ ಗೊಬ್ಬರದ ಬ್ಯಾಕ್ಟೀರಿಯಾ ಒಂದು ಬಾವಿಗೆ ಇಳಿಯಿತು. 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 7 ಜನ ಸತ್ತರು. ವಿಚಾರಣೆ ನಡೆದಾಗ ಹೊರಬಿದ್ದದ್ದು ಏನು ಗೊತ್ತಾ? ಅಲ್ಲಿನ ನೀರಿನ ಕೆಲಸದವರು ಕ್ಲೋರಿನ್ ಅಳತೆಯನ್ನು ದಿನವೂ ಮಾಡುತ್ತಲೇ ಇರಲಿಲ್ಲ, ಪುಸ್ತಕದಲ್ಲಿ ಮಾತ್ರ ಸುಳ್ಳು ಸಂಖ್ಯೆ ಬರೆಯುತ್ತಿದ್ದರು. ಲ್ಯಾಬಿನಿಂದ ಕೆಟ್ಟ ರಿಪೋರ್ಟ್ ಬಂದ ಮೇಲೂ ಅದನ್ನು ಆರೋಗ್ಯ ಅಧಿಕಾರಿಗಳಿಗೆ ಹೇಳಲಿಲ್ಲ. ನ್ಯಾಯಮೂರ್ತಿ ಡೆನಿಸ್ ಒ'ಕಾನರ್ ಅವರ ವರದಿಯ ನಂತರ ಅಲ್ಲಿ 2002ರಲ್ಲಿ ಕುಡಿಯುವ ನೀರಿಗೇ ಪ್ರತ್ಯೇಕ ಕಾನೂನು ಬಂತು, ಆಪರೇಟರ್‌ಗಳ ತರಬೇತಿ ಬಿಗಿಯಾಯಿತು.

ಹಾಗಾಗಿ ನಿಮ್ಮ ಹಿರಿಯರು ಇಷ್ಟು ವರ್ಷ ಲಾಗ್ ಬುಕ್ಕಿನಲ್ಲಿ ಸುಳ್ಳು ಬರೆಯಲಿಲ್ಲ ಅನ್ನುವುದನ್ನು ಗಟ್ಟಿಯಾಗಿ ಹೇಳಿ. ಕೇಳುವವರಿಗೆ ವಾಕರ್‌ಟನ್ ಕಥೆ ಎರಡು ಸಾಲಿನಲ್ಲಿ ಹೇಳಿ ಆಮೇಲೆ ಇದನ್ನು ಹೇಳಿ, ಆಗ ಅದರ ತೂಕ ಗೊತ್ತಾಗುತ್ತದೆ. ಕೆಟ್ಟ ಸಂಖ್ಯೆ ಬಂದ ದಿನ ಅದನ್ನು ಹಾಗೇ ಬರೆದು, ಮೇಲಿನವರಿಗೆ ಫೋನ್ ಮಾಡಿ, "ಸಪ್ಲೈ ನಿಲ್ಲಿಸಬೇಕು" ಅನ್ನುವುದಕ್ಕೆ ಧೈರ್ಯ ಬೇಕು. ಜನ ಬೈಯುತ್ತಾರೆ, ಮೇಲಧಿಕಾರಿ ಒಪ್ಪುವುದಿಲ್ಲ, ಎರಡನೇ ಸ್ಯಾಂಪಲ್ ಸರಿ ಬಂದರೆ "ಸುಮ್ನೆ ಗಲಾಟೆ ಮಾಡಿದೆ" ಅನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಹಿರಿಯ ಮೇಡಂ ಒಬ್ಬರು ಇಂಥ ಒಂದು ರಾತ್ರಿ ಹಠ ಹಿಡಿದು ಒಂದು ಲೈನ್ ಮುಚ್ಚಿಸಿದರು. ಬೆಳಿಗ್ಗೆ ಅಗೆದು ನೋಡಿದಾಗ ಪೈಪ್ ಒಡೆದು ಪಕ್ಕದ ಚರಂಡಿ ನೀರು ಒಳಗೆ ಹೋಗುತ್ತಿತ್ತು. ಅವರು ನಿವೃತ್ತರಾದ ದಿನ ಯಾರೂ ಇದನ್ನು ಹೇಳಲಿಲ್ಲ. ಸರಳ ಸ್ವಭಾವ, ನಗುಮುಖ ಅಂತೆಲ್ಲ ಹೇಳಿದರು. ನನಗೆ ಇವತ್ತಿಗೂ ಅದು ಬೇಜಾರು.

ಇನ್ನೊಂದು ವಿಷಯವನ್ನೂ ಮರೆಯಬೇಡಿ. ಅವರು ಸೇರಿದಾಗಿನ ನಿಯಮ, ಈಗಿನ ನಿಯಮ ಒಂದೇ ಅಲ್ಲ. ಈ ಕ್ಷೇತ್ರದಲ್ಲಿ ಸರಿ ಅಂದುಕೊಂಡದ್ದೇ ಮತ್ತೆ ಮತ್ತೆ ಬದಲಾಗಿದೆ. ಕ್ಲೋರಿನ್ ಲಕ್ಷಾಂತರ ಜೀವ ಉಳಿಸಿದ ವಸ್ತು. ಆದರೆ 1974ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ನೀರು ಸರಬರಾಜಿನಲ್ಲಿದ್ದ ಯೋಹಾನ್ನೆಸ್ ರೋಕ್ ಅನ್ನುವ ರಸಾಯನ ವಿಜ್ಞಾನಿ, ನೀರಿನಲ್ಲಿ ಸಹಜವಾಗಿ ಇರುವ ಎಲೆ ಮಣ್ಣಿನ ಅಂಶದ ಜೊತೆ ಕ್ಲೋರಿನ್ ಸೇರಿ ಕ್ಲೋರೋಫಾರ್ಮ್‌ನಂಥ ಹಾನಿಕಾರಕ ವಸ್ತು ಹುಟ್ಟುತ್ತದೆ ಅಂತ ತೋರಿಸಿದರು. ಆಮೇಲೆ ಕೆಲಸ ಎರಡು ಪಟ್ಟು ಕಷ್ಟವಾಯಿತು. ರೋಗಾಣು ಸಾಯುವಷ್ಟು ಕ್ಲೋರಿನ್ ಬೇಕು, ಆದರೆ ಈ ಉಪವಸ್ತು ಜಾಸ್ತಿ ಆಗಬಾರದು. ಅದೇ ವರ್ಷ ಅಮೆರಿಕದಲ್ಲಿ ಸುರಕ್ಷಿತ ಕುಡಿಯುವ ನೀರಿನ ಕಾಯಿದೆ ಬಂತು.

1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ನಡೆದದ್ದು ಇನ್ನೂ ಕಣ್ಣು ತೆರೆಸುವಂಥದ್ದು. ಕ್ರಿಪ್ಟೋಸ್ಪೋರಿಡಿಯಂ ಅನ್ನುವ ಪರಾವಲಂಬಿ ಜೀವಿ ಫಿಲ್ಟರ್ ದಾಟಿ ಊರಿನ ನೀರಿಗೆ ಸೇರಿತು. ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು ಅಂತ ಅಂದಾಜು. ಅದು ಸಾಮಾನ್ಯ ಪ್ರಮಾಣದ ಕ್ಲೋರಿನ್‌ಗೆ ಸಾಯುವುದಿಲ್ಲ, ಫಿಲ್ಟರಿನಲ್ಲೇ ಹಿಡಿಯಬೇಕು. ಆ ದಿನಗಳಲ್ಲಿ ಟರ್ಬಿಡಿಟಿ ಏರಿತ್ತು, ಆದರೂ ನೀರು ಆಗಿನ ನಿಯಮದ ಒಳಗೇ ಇತ್ತು. ಅಂದರೆ ನಿಯಮ ಪಾಲಿಸಿದ ಮಾತ್ರಕ್ಕೆ ನೀರು ಸುರಕ್ಷಿತ ಅಂತಲ್ಲ. ಅದಾದ ಮೇಲೆ ಅಲ್ಲಿ ಒಂದೊಂದು ಫಿಲ್ಟರನ್ನೂ ಬೇರೆ ಬೇರೆಯಾಗಿ ಅಳೆಯುವ ನಿಯಮ ಬಂತು, ಮಿತಿಯೂ ಬಿಗಿಯಾಯಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯ ಮೂರನೇ ಆವೃತ್ತಿಯಲ್ಲಿ ನೀರಿನ ಸುರಕ್ಷತಾ ಯೋಜನೆ ಅನ್ನುವ ಪದ್ಧತಿಯನ್ನು ಮುಂದಿಟ್ಟಿತು. ಕೊನೆಯ ನಲ್ಲಿಯ ಪರೀಕ್ಷೆಯನ್ನೇ ನಂಬಿ ಕೂರದೆ, ನೀರಿನ ಮೂಲದಿಂದ ಮನೆಯವರೆಗೆ ಎಲ್ಲೆಲ್ಲಿ ಕೆಡಬಹುದು ಅಂತ ಮೊದಲೇ ಗುರುತಿಸಿ ಅಲ್ಲಲ್ಲೇ ತಡೆಯುವುದು ಅದರ ಸಾರ.

ಇಂಥ ಪ್ರತಿಯೊಂದು ಬದಲಾವಣೆಯೂ ಹೊಸ ಫಾರ್ಮ್, ಹೊಸ ಉಪಕರಣ, ಹೊಸ ತರಬೇತಿಯಾಗಿ ನಿಮ್ಮ ಹಿರಿಯರಂಥವರ ಮೇಜಿಗೇ ಬಂದು ಬಿದ್ದದ್ದು. ನಡುವಯಸ್ಸಿನಲ್ಲಿ ಕೂತು ಹೊಸದಾಗಿ ಕಲಿತವರು ಅವರು. ಇದನ್ನೂ ಹೇಳಿ.

ತಡಮಾಡಿ ಗೌರವಿಸಿದರೆ ಏನು ಪ್ರಯೋಜನ ಅನ್ನುವುದಕ್ಕೆ ಒಂದು ಉದಾಹರಣೆ ನನ್ನನ್ನು ಬಹಳ ಕಾಡುತ್ತದೆ. ಜಾನ್ ಲೀಲ್ ಅಂತ ಒಬ್ಬ ವೈದ್ಯರಿದ್ದರು. ಅಮೆರಿಕದ ಜರ್ಸಿ ಸಿಟಿಗೆ ಹೋಗುವ ನೀರಿಗೆ 1908ರ ಸೆಪ್ಟೆಂಬರ್‌ನಲ್ಲಿ ದಿನವೂ ತಪ್ಪದೆ ಕ್ಲೋರಿನ್ ಹಾಕುವ ವ್ಯವಸ್ಥೆ ಶುರುಮಾಡಿದವರು ಅವರು. ಕುಡಿಯುವ ನೀರಿಗೆ ರಾಸಾಯನಿಕ ಹಾಕುವುದಾ ಅಂತ ಜನ ಹೆದರುತ್ತಿದ್ದ ಕಾಲ ಅದು. ಆ ನೀರು ಶುದ್ಧವೇ ಅನ್ನುವ ಕೇಸ್ ಕೋರ್ಟಿನಲ್ಲಿತ್ತು, ನಿಮ್ಮ ಮನೆಯವರಿಗೂ ಈ ನೀರು ಕೊಡುತ್ತೀರಾ ಅಂತ ಕೇಳಿದಾಗ ಹಿಂಜರಿಯದೆ ಕೊಡುತ್ತೇನೆ ಅಂದರು. ಕೊನೆಗೆ ಕೋರ್ಟ್ ಅವರ ವಿಧಾನವನ್ನು ಒಪ್ಪಿತು, ಕೆಲವೇ ವರ್ಷಗಳಲ್ಲಿ ಊರೂರಿಗೆ ಹಬ್ಬಿತು, ಟೈಫಾಯ್ಡ್ ಇಳಿಯಿತು. ಲೀಲ್ 1914ರಲ್ಲಿ ತೀರಿಕೊಂಡರು. ಅವರ ಸಮಾಧಿಯ ಮೇಲೆ ಅವರ ಕೆಲಸವನ್ನು ನೆನೆಯುವ ಕಲ್ಲು ನೆಟ್ಟದ್ದು 2013ರಲ್ಲಿ, ನೀರಿನ ಕೆಲಸದವರೇ ಮುಂದೆ ನಿಂತು. ಸುಮಾರು ನೂರು ವರ್ಷ ಆದ ಮೇಲೆ. ನಿಮ್ಮ ಹಿರಿಯರು ನಿಮ್ಮ ಎದುರಿಗೇ ಕೂತಿರುತ್ತಾರೆ ಅಲ್ವಾ, ಅವರ ಕಿವಿಗೆ ಬೀಳುವಂತೆ ಹೇಳಿ.

ಇನ್ನು ಹೇಗೆ ತಯಾರಾಗುವುದು. ಹಳೆಯ ಲಾಗ್ ಬುಕ್, ದೂರು ಪುಸ್ತಕ, ಆಡಿಟ್ ರಿಪೋರ್ಟ್ ಸಿಕ್ಕರೆ ತೆಗೆದು ಓದಿ. ಪ್ರವಾಹ ಬಂದ ವರ್ಷ, ಕರೆಂಟ್ ಹೋದ ವಾರ, ಬರಗಾಲದಲ್ಲಿ ನೀರಿನ ಮೂಲ ಬದಲಿಸಿದ ತಿಂಗಳು, ಇಂಥ ದಿನಗಳ ಪುಟ ನೋಡಿ, ಅವರ ಸಹಿ ಎಲ್ಲಿದೆ ಹುಡುಕಿ. ಒಂದೆರಡು ದಿನದ ಕಥೆ ಸಿಕ್ಕರೆ ಸಾಕು, ಭಾಷಣ ತಾನಾಗಿ ಬರುತ್ತದೆ. ಅವರನ್ನೇ ಕೇಳಿದರೆ "ಅದೇನು ದೊಡ್ಡದು ಬಿಡಿ" ಅನ್ನುತ್ತಾರೆ, ಈ ಕೆಲಸದವರು ಹಾಗೇ. ಜೊತೆಗೆ ದುಡಿದ ವಾಲ್ವ್ ತಿರುಗಿಸುವವರನ್ನು, ಬೀದಿ ಬೀದಿ ಸುತ್ತಿ ಸ್ಯಾಂಪಲ್ ತರುವವರನ್ನು ಕೇಳಿ. ಅವರ ಹೆಸರನ್ನೂ ಭಾಷಣದಲ್ಲಿ ಸೇರಿಸಿ. ಯಾವ ಒಳ್ಳೆಯ ಅಧಿಕಾರಿಗೂ ಅದು ತನ್ನ ಹೊಗಳಿಕೆಗಿಂತ ಜಾಸ್ತಿ ಖುಷಿ ಕೊಡುತ್ತದೆ.

ಉಡುಗೊರೆ, ಫಲಕ ಎಲ್ಲ ನಿಮ್ಮಿಷ್ಟ. ನನ್ನನ್ನು ಕೇಳಿದರೆ, ಅವರು ಹೋಗುವ ಮೊದಲು ಅವರ ಜೊತೆ ಘಟಕದ ಮೂಲೆ ಮೂಲೆ ಸುತ್ತಿ, ಅವರ ತಲೆಯಲ್ಲಿರುವುದನ್ನು ಬರೆದಿಟ್ಟುಕೊಳ್ಳಿ. ಯಾವ ವಾಲ್ವ್ ನಕ್ಷೆಯಲ್ಲಿ ಒಂದು ಕಡೆ ಇದ್ದು ನೆಲದಲ್ಲಿ ಇನ್ನೊಂದು ಕಡೆ ಇದೆ, ಯಾವ ಫಿಲ್ಟರ್ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆಯುವುದು) ಆದ ಮೇಲೆ ಸರಿಹೋಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಯಾವ ಬಡಾವಣೆಯ ಕೊನೆಯ ಲೈನಿನಲ್ಲಿ ಬೇಸಿಗೆಯಲ್ಲಿ ಕ್ಲೋರಿನ್ ಬೇಗ ಇಳಿಯುತ್ತದೆ. ಇದು ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಬರೆದಿಟ್ಟರೆ ಅದರ ಮೇಲೆ ಅವರ ಹೆಸರು ಹಾಕಿ, ಹೊಸದಾಗಿ ಸೇರುವವರಿಗೆಲ್ಲ ಅದನ್ನು ಓದಿಸಿ.

ಭಾಷಣ ಐದಾರು ನಿಮಿಷ ಮೀರದಿರಲಿ. ಬರೆದಾದ ಮೇಲೆ ಅವರ ಹಳೆಯ ಶಿಫ್ಟಿನ ಯಾರಾದರೊಬ್ಬರಿಗೆ ಓದಿ ತೋರಿಸಿ, ಇಸವಿ, ಸಂಖ್ಯೆ ಏನಾದರೂ ತಪ್ಪಿದ್ದರೆ ಅವರೇ ತಿದ್ದಿಕೊಡುತ್ತಾರೆ.