‘ಎಸ್ಟರ್‌ಡೇ ಓನ್ಲಿ’: ಓನ್ಲಿಯನ್ನು ಮುಂದಕ್ಕೆ ತರಬೇಡಿ, ಕಿತ್ತೇ ಹಾಕಿ

ಸರ್, ಕ್ಲೈಂಟ್‌ಗೆ ಕಳಿಸೋ ಮೇಲ್‌ನಲ್ಲಿ ‘ಐ ಹ್ಯಾವ್ ಸೆಂಟ್ ದ ಫೈಲ್ ಎಸ್ಟರ್‌ಡೇ ಓನ್ಲಿ’ ಅಂತ ಬರೆದಿದ್ದೀರಿ. ನಿಮ್ಮ ಪೋಸ್ಟ್‌ಗೆ ಮೇಲೆ ಕಾಮೆಂಟ್ ಹಾಕಿದ ಇಬ್ಬರು ‘ಓನ್ಲಿ ಎಸ್ಟರ್‌ಡೇ ಅಂತ ಮಾಡಿ, ಸರಿಹೋಗುತ್ತೆ’ ಅಂದಿದ್ದಾರೆ. ದಯವಿಟ್ಟು ಮಾಡಬೇಡಿ. ಒಂದು ಕಾಲದಲ್ಲಿ ನಾನೂ ಇದನ್ನೇ ಮಾಡ್ತಿದ್ದೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನಿಮ್ಮ ತಲೆಯಲ್ಲಿರೋದು ‘ನಿನ್ನೆಯೇ ಕಳಿಸಿದ್ದೀನಿ’. ಅಂದ್ರೆ ತಡ ಮಾಡಿಲ್ಲ, ಆಗಲೇ ಕಳಿಸಾಗಿದೆ. ಆದರೆ ‘ಐ ಸೆಂಟ್ ಇಟ್ ಓನ್ಲಿ ಎಸ್ಟರ್‌ಡೇ’ ಅನ್ನೋದನ್ನ ಓದಿದವರಿಗೆ ‘ನಿನ್ನೆಯಷ್ಟೇ ಕಳಿಸಿದೆ, ಅಲ್ಲೀವರೆಗೂ ಕಳಿಸಿರಲಿಲ್ಲ’ ಅಂತ ಅರ್ಥ ಆಗುತ್ತೆ. ಬೇಗ ಕಳಿಸಿದೆ ಅಂತ ಹೇಳೋಕೆ ಹೋಗಿ ತಡವಾಯ್ತು ಅಂತ ನೀವೇ ಬರೆದುಕೊಟ್ಟ ಹಾಗೆ. ಓನ್ಲಿ ಹಿಂದಿದ್ದಾಗ ಅದು ಬರೀ ನಮ್ಮೂರ ಇಂಗ್ಲಿಷು. ಮುಂದೆ ತಂದರೆ ಅರ್ಥವೇ ತಿರುಗಿಬೀಳುತ್ತೆ. ಗ್ರಾಮರ್ ಚೆಕ್ಕರ್ ಹಾಕಿ ನೋಡಿದೆ, ಏನೂ ಹೇಳಲಿಲ್ಲ ಅಂತ ವಾದ ಮಾಡಬೇಡಿ. ‘ಐ ಸೆಂಟ್ ಇಟ್ ಓನ್ಲಿ ಎಸ್ಟರ್‌ಡೇ’ ವ್ಯಾಕರಣದ ಪ್ರಕಾರ ಸರಿಯಾಗೇ ಇದೆ, ಚೆಕ್ಕರ್ ಯಾಕೆ ಹೇಳುತ್ತೆ? ನೀವು ಏನು ಹೇಳೋಕೆ ಹೊರಟಿದ್ರಿ ಅಂತ ಅದಕ್ಕೆ ಗೊತ್ತಿಲ್ಲ.

ತಪ್ಪಿನ ಬೇರು ನಮ್ಮ ‘ಏ’. ಇಲ್ಲೇ, ಈಗಲೇ, ಅವನೇ, ಇವತ್ತೇ. ಇದಕ್ಕೆಲ್ಲ ಒಂದೇ ಓನ್ಲಿ ಅಂಟಿಸ್ತೀವಿ. ನನ್ನ ಪರೀಕ್ಷೆ ಒಂದೇ: ವಾಕ್ಯವನ್ನು ಕನ್ನಡದಲ್ಲಿ ಹೇಳಿ, ‘ಏ’ ಇದ್ದ ಜಾಗಕ್ಕೆ ‘ಮಾತ್ರ’ ಹಾಕಿ ನೋಡಿ. ‘ಎರಡೇ ಇಡ್ಲಿ ತಿಂದೆ’, ‘ಎರಡು ಇಡ್ಲಿ ಮಾತ್ರ ತಿಂದೆ’: ಅರ್ಥ ಹಾಗೇ ಉಳೀತು, ಓನ್ಲಿ ಹಾಕಿ. ‘ನಾನು ಆಫೀಸಲ್ಲೇ ಇದ್ದೀನಿ’, ‘ಆಫೀಸಲ್ಲಿ ಮಾತ್ರ ಇದ್ದೀನಿ’: ಕೆಟ್ಟಿತು, ಓನ್ಲಿ ಬೇಡ. ಸಂಖ್ಯೆಗೆ ಅಂಟಿದ ‘ಏ’ ಸಾಮಾನ್ಯವಾಗಿ ಪಾಸಾಗುತ್ತೆ (ಹತ್ತೇ ರೂಪಾಯಿ, ಒಬ್ಬಳೇ ಮಗಳು). ಜಾಗ, ಹೊತ್ತು, ಮನುಷ್ಯರಿಗೆ ಅಂಟಿದ್ದು ಹೆಚ್ಚಾಗಿ ಫೇಲು.

ಪರೀಕ್ಷೆಗೂ ಒಂದು ತೂತಿದೆ. ಕನ್ನಡದಲ್ಲೇ ‘ಮಾತ್ರ’ ಇದ್ದರೂ ಎಲ್ಲ ಕಡೆ ಓನ್ಲಿ ಅಲ್ಲ. ‘ಈ ಕೆಲಸ ಮಾತ್ರ ನನ್ನಿಂದ ಆಗಲ್ಲ’ ಅನ್ನುವಾಗ ಬೇರೆ ಏನಾದ್ರೂ ಕೊಡಿ, ಇದೊಂದು ಬೇಡ ಅಂತ. ಅಲ್ಲಿ ‘ದಿಸ್ ಈಸ್ ದ ಒನ್ ಥಿಂಗ್ ಐ ಕಾಂಟ್ ಡೂ’.

ಪರೀಕ್ಷೆ ಫೇಲ್ ಆದರೆ ಮೊದಲ ಆಯ್ಕೆ ಏನೂ ಹಾಕದೇ ಇರೋದು. ‘ಐ ಯಾಮ್ ಇನ್ ದ ಆಫೀಸ್’, ಮುಗೀತು. ಒತ್ತು ಬೇಕೇ ಬೇಕು ಅಂದ್ರೆ: ಇಲ್ಲೇ ಇದ್ದೀನಿ, ‘ಐ ಯಾಮ್ ರೈಟ್ ಹಿಯರ್’. ಈಗಲೇ ಮಾಡ್ತೀನಿ, ‘ಐ ವಿಲ್ ಡೂ ಇಟ್ ರೈಟ್ ಅವೇ’. ಈಗ ತಾನೇ ಬಂದೆ, ‘ಐ ಹ್ಯಾವ್ ಜಸ್ಟ್ ಕಮ್’. ‘ನೌ ಓನ್ಲಿ ಐ ಕೇಮ್’ ಅಲ್ಲ. ಅದನ್ನೇ ನಾನೂ ಹೇಳಿದ್ದು, ‘ದಟ್ಸ್ ಎಕ್ಸಾಕ್ಟ್ಲಿ ವಾಟ್ ಐ ಸೆಡ್’. ಅವನೇ ಹೇಳಿದ್ದು, ‘ಹೀ ಈಸ್ ದ ಒನ್ ಹೂ ಟೋಲ್ಡ್ ಮೀ’. ಮಾತಲ್ಲಾದರೆ ‘ಹೀ ಟೋಲ್ಡ್ ಮೀ’ ಅಂತ ‘ಹೀ’ ಮೇಲೆ ಭಾರ ಹಾಕಿದರೆ ಸಾಕು, ನಮ್ಮ ‘ಏ’ ಮಾಡೋ ಕೆಲಸವನ್ನ ಅಲ್ಲಿ ದನಿಯೇ ಮಾಡುತ್ತೆ. ಓನ್ಲಿ ಬಿಟ್ಟು ‘ಇಟ್‌ಸೆಲ್ಫ್’ ಹಿಡಿಯೋದು ಪರಿಹಾರ ಅಲ್ಲ. ‘ಟುಡೇ ಇಟ್‌ಸೆಲ್ಫ್’ ಕೂಡ ಅದೇ ‘ಏ’, ಬೇರೆ ಅಂಗಿ ಹಾಕಿಕೊಂಡು ಬಂದಿದೆ.

ಇನ್ನು ಓನ್ಲಿ ನಿಜವಾಗಿ ಬೇಕಾದಾಗ ಎಲ್ಲಿಡೋದು? ನಮ್ಮ ‘ಮಾತ್ರ’ ಪದ ಆದಮೇಲೆ ಬರುತ್ತೆ, ಬರವಣಿಗೆಯಲ್ಲಿ ಓನ್ಲಿ ಪದಕ್ಕಿಂತ ಮೊದಲು. ‘ಟೇಕ್ ಓನ್ಲಿ ಒನ್ ಟ್ಯಾಬ್ಲೆಟ್ ಅಟ್ ನೈಟ್’ ಅಂದ್ರೆ ಎರಡು ನುಂಗಬೇಡಿ ಅಂತ. ‘ಟೇಕ್ ಒನ್ ಟ್ಯಾಬ್ಲೆಟ್, ಓನ್ಲಿ ಅಟ್ ನೈಟ್’ ಅಂದ್ರೆ ಹಗಲು ನುಂಗಬೇಡಿ ಅಂತ. ಇಂಥ ಕಡೆ ಜಾಗ ತಪ್ಪಿಸಬೇಡಿ. ಮಾತಲ್ಲಿ ‘ಐ ಓನ್ಲಿ ಏಟ್ ಟೂ ಇಡ್ಲೀಸ್’ ಅಂದವರನ್ನ ತಿದ್ದೋಕೂ ಹೋಗಬೇಡಿ. ಕ್ರಿಯಾಪದದ ಹತ್ತಿರ ಓನ್ಲಿ ಇಡೋದು ಇಂಗ್ಲಿಷ್ ಮನೆಮಾತಿನವರ ಸಹಜ ಮಾತು, 1926ರಲ್ಲೇ ಇಂಗ್ಲಿಷ್ ಬಳಕೆಯ ಕೋಶ ಬರೆದ ಹೆನ್ರಿ ಫೌಲರ್ ಅದರ ಪರ ನಿಂತು ಅತಿಬುದ್ಧಿವಂತರನ್ನ ಗದರಿಸಿದ್ದಾರೆ. ‘ಲೇಡೀಸ್ ಓನ್ಲಿ’ ಬೋರ್ಡೂ ಸರಿ. ಚೆಕ್ಕಲ್ಲಿ ಮೊತ್ತದ ಕೊನೆಗೆ ಬರೆಯೋ ಓನ್ಲಿಯೂ ಸರಿ. ಅದು ಮೊತ್ತ ಆದಮೇಲೆ ಯಾರೂ ಪದ ಸೇರಿಸದಿರಲಿ ಅಂತ ಹಾಕೋ ಬೇಲಿ. ಅದನ್ನ ನೋಡಿ ಎಲ್ಲ ವಾಕ್ಯಕ್ಕೂ ಬೇಲಿ ಹಾಕಬೇಡಿ.

ವಾಕ್ಯದ ಶುರುವಿನಲ್ಲಿ ಹಾಕ್ತೀರಾದ್ರೆ ಹುಷಾರು. ‘ಓನ್ಲಿ ಆಫ್ಟರ್ ದ ಮೀಟಿಂಗ್ ಡಿಡ್ ಐ ಸೀ ಯುವರ್ ಮೆಸೇಜ್’, ಇಲ್ಲಿ ‘ಡಿಡ್ ಐ’ ಅಂತ ತಿರುಗಬೇಕು. ‘ಓನ್ಲಿ ರವಿ ನೋಸ್’ ಅನ್ನುವಾಗ ತಿರುಗಿಸೋ ಹಾಗಿಲ್ಲ, ಅಲ್ಲಿ ಅದು ಕರ್ತೃವಿಗೇ ಅಂಟಿದೆ.

ಇದರ ಅಣ್ಣತಮ್ಮಂದಿರು ಇನ್ನಿಬ್ಬರಿದ್ದಾರೆ. ‘ನಾನೂ ಬರ್ತೀನಿ’ಗೆ ‘ಈವನ್ ಐ ಯಾಮ್ ಕಮಿಂಗ್’ ಅಂದ್ರೆ ‘ಎಲ್ಲೂ ಹೋಗದ ನಾನು ಸಹ ಹೊರಟಿದ್ದೀನಿ ನೋಡಿ’ ಅಂದ ಹಾಗೆ. ‘ಐ ಯಾಮ್ ಕಮಿಂಗ್ ಟೂ’ ಸಾಕು. ‘ಸುಮ್ನೆ ಬಂದೆ’ಗೆ ‘ಸಿಂಪ್ಲಿ ಐ ಕೇಮ್’ ಬೇಡ, ‘ಐ ಜಸ್ಟ್ ಡ್ರಾಪ್ಡ್ ಬೈ’.

ಯಾವ ಡಿಕ್ಷನರಿ ನೋಡಬೇಕು ಅಂತಲೂ ಕೇಳಿದ್ದೀರಿ. ಇಂಗ್ಲಿಷ್-ಕನ್ನಡ ಕೋಶದಲ್ಲಿ ಓನ್ಲಿ ಅಂದ್ರೆ ‘ಮಾತ್ರ’ ಅಂತ ಸಿಗುತ್ತೆ, ಬಳಕೆ ಸಿಗಲ್ಲ. ಕಲಿಯುವವರಿಗೆ ಅಂತಲೇ ಮಾಡಿದ ಕೋಶ ನೋಡಿ: ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರೂ ಆನ್‌ಲೈನ್‌ನಲ್ಲಿ ಪುಕ್ಕಟೆ ಇವೆ. ಉದಾಹರಣೆ ವಾಕ್ಯಗಳಿಗೆ ನನ್ನ ಓಟು ಲಾಂಗ್‌ಮನ್‌ಗೆ. ಅರ್ಥ ಓದಬೇಡಿ, ವಾಕ್ಯಗಳನ್ನ ಓದಿ.

ಅಂದ ಹಾಗೆ, ‘ಹ್ಯಾವ್ ಸೆಂಟ್’ ಜೊತೆ ‘ಎಸ್ಟರ್‌ಡೇ’ ಹೊಂದಲ್ಲ; ಕಳೆದುಹೋದ ದಿನ ಹೇಳಿದ ಮೇಲೆ ‘ಹ್ಯಾವ್’ಗೆ ಜಾಗವಿಲ್ಲ. ಇದನ್ನ ಯಾರೂ ಗಮನಿಸಿಲ್ಲ, ಎಲ್ಲರ ಕಣ್ಣೂ ಓನ್ಲಿ ಮೇಲೆ. ಮೇಲ್ ಇನ್ನೂ ಹೋಗಿಲ್ಲ ಅಂದ್ರೆ ‘ಐ ಸೆಂಟ್ ದ ಫೈಲ್ ಎಸ್ಟರ್‌ಡೇ’ ಅಂತ ಮಾಡಿ. ದಿನ ಹೇಳೋದು ಬೇಡ ಅಂದ್ರೆ ‘ಐ ಹ್ಯಾವ್ ಆಲ್ರೆಡಿ ಸೆಂಟ್ ದ ಫೈಲ್’. ಇನ್ನೂ ಒಳ್ಳೇದು, ಫೈಲನ್ನ ಈ ಮೇಲ್‌ಗೂ ಇನ್ನೊಮ್ಮೆ ಲಗತ್ತಿಸಿಬಿಡಿ.