ರಜೆಗೆ ಬಂದವರ ಜೊತೆ ಕರಡು ತಿದ್ದುವುದು

ಪ್ರಶ್ನೆ: ಅಜ್ಜಿ ಹೇಳಿದ ನೆನಪುಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದೇವೆ. ಮುನ್ನುಡಿಯೂ ಸೇರಿ 132 ಪುಟ. ಡಿಸೆಂಬರ್ ಕೊನೆಯ ವಾರ ಮಕ್ಕಳು, ಮೊಮ್ಮಕ್ಕಳು ಎಲ್ಲ ಊರಿಗೆ ಬರುತ್ತಾರೆ. ಆಗಲೇ ಕರಡು ತಿದ್ದಿ ಮುಗಿಸಬಹುದೆ?

ಉತ್ತರ: ಖಂಡಿತ ಮುಗಿಸಬಹುದು. ಆದರೆ ಪ್ರತಿಯನ್ನು ಎಲ್ಲರ ಕೈಗೂ ಕೊಡಬೇಡಿ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಹೊಡೆದುಹಾಕುತ್ತಾರೆ. ಒಬ್ಬರು ಗಟ್ಟಿಯಾಗಿ ಓದಲಿ, ಅಜ್ಜಿ ಕೇಳಲಿ, ಕೆಂಪು ಪೆನ್ನು ಮತ್ತೊಬ್ಬರ ಕೈಯಲ್ಲಿ ಮಾತ್ರ ಇರಲಿ. ಒಮ್ಮೆ ಕೂತರೆ 15 ಪುಟ ಸಾಕು. ದಣಿದ ಕಣ್ಣು ಅಕ್ಷರ ಬಿಟ್ಟು ಅರ್ಥವನ್ನಷ್ಟೇ ಓದುತ್ತದೆ.

ಹೆಸರು, ಊರು, ನಂಟು, ಇಸವಿಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. 20ನೇ ಪುಟದ ಸೀತಮ್ಮ 70ರಲ್ಲಿ ಸೀತಾ ಆದರೆ ಓದುವವರಿಗೆ ಇಬ್ಬರು ಅನಿಸುತ್ತದೆ. ಅಜ್ಜಿಯ ‘ಹೋಗಿದ್ವಿ’ಯನ್ನು ಮಾತ್ರ ದಯವಿಟ್ಟು ‘ಹೋಗಿದ್ದೆವು’ ಮಾಡಬೇಡಿ, ಅವರ ದನಿಯೇ ಹೋಗಿಬಿಡುತ್ತದೆ.

ನುಡಿಯ ಹಳೇ ಸಂಕೇತದಲ್ಲಿ ಟೈಪ್ ಆಗಿದ್ದರೆ, ಅದನ್ನು ಎಲ್ಲ ಕಂಪ್ಯೂಟರ್‌ಗೂ ಹೊಂದುವ ಯೂನಿಕೋಡ್‌ಗೆ ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಮತ್ತೊಮ್ಮೆ ನೋಡಿ. ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿ ಕೂತಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಹುಡುಕಿದಾಗ ಪದ ಸಿಗುವುದಿಲ್ಲ.

ಅಚ್ಚಿನ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು, ಸಾಮಾನ್ಯವಾಗಿ 16 ಪುಟದ್ದು. ನಿಮ್ಮದು 8 ಫಾರಂ ಮೇಲೆ 4 ಪುಟ. ಆ ನಾಲ್ಕನ್ನು ಕತ್ತರಿಸಿ, ಇಲ್ಲವೇ 12 ಪುಟ ಫೋಟೊ, ವಂಶವೃಕ್ಷ ಸೇರಿಸಿ 144 ಮಾಡಿ. ಎರಡನೆಯದೇ ಒಳ್ಳೆಯದು: ಹಳೇ ಫೋಟೊದಲ್ಲಿ ಯಾರು ಯಾರೆಂದು ಹೇಳುವವರೆಲ್ಲ ಆ ವಾರ ಮನೆಯಲ್ಲೇ ಇರುತ್ತಾರೆ. ಪುಟ್ಟ ಫೋಟೊಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ.