ರಸ್ತೆ ಯಾಕೆ ಗೋಡೆ ತರ ಎದ್ದು ನಿಲ್ಲತ್ತೆ? – ಚಿತ್ರಕಲೆ: ಓದುಗರ ಪ್ರಶ್ನೆ, ಉತ್ತರ

ಪ್ರಶ್ನೆ: ಮೇಡಂ, ನಂಗೆ 42 ವರ್ಷ, ಮಂಡ್ಯ ಹತ್ರದ ಹಳ್ಳಿ. ಮಕ್ಕಳು ದೊಡ್ಡವರಾದ್ಮೇಲೆ ಈಗ ಡ್ರಾಯಿಂಗ್ ಶುರು ಮಾಡಿದೀನಿ. ನಮ್ಮೂರ ನಾಲೆ ಏರಿ ಮೇಲಿನ ರಸ್ತೆ, ಪಕ್ಕದಲ್ಲಿ ಕಬ್ಬಿನ ಗದ್ದೆ, ಲೈಟ್ ಕಂಬಗಳು, ರಸ್ತೇಲಿ ನಡೀತಿರೋ ಒಬ್ಬ ಅಜ್ಜ, ಇಷ್ಟೇ ಚಿತ್ರ. ರಸ್ತೆಯ ಎರಡೂ ಅಂಚು ದೂರದಲ್ಲಿ ಒಂದೇ ಕಡೆ ಸೇರೋ ಹಾಗೇ ಬರ್ದಿದೀನಿ, ಆದ್ರೂ ರಸ್ತೆ ಮಲಗದೆ ಗೋಡೆ ತರ ಎದ್ದು ನಿಂತಿದೆ. ಕಂಬಗಳಂತೂ ಎಷ್ಟೆಷ್ಟು ದೂರಕ್ಕೆ ಹಾಕ್ಬೇಕು ಅಂತಾನೇ ತಿಳೀತಿಲ್ಲ.

ಉತ್ತರ: ನೀವು ಕಳಿಸಿದ ಚಿತ್ರ ನೋಡ್ದೆ. ಗೆರೆ ಚೆನ್ನಾಗಿದೆ, ಕೈ ನಡುಗಿಲ್ಲ. ತೊಂದರೆ ಇರೋದು ಬೇರೆ ಕಡೆ. ನೀವು ಗೆರೆಗಳು ಸೇರೋ ಚುಕ್ಕಿಯನ್ನ, ಅಂದ್ರೆ ವ್ಯಾನಿಶಿಂಗ್ ಪಾಯಿಂಟನ್ನ, ಹಾಳೆಯ ಮೇಲಿನ ಅಂಚಿಗೆ ಹತ್ರ ಇಟ್ಟಿದೀರ, ಆದ್ರೆ ರಸ್ತೇಲಿ ನಡೀತಿರೋ ಅಜ್ಜನ ತಲೆ ಹಾಳೆಯ ಅರ್ಧಕ್ಕೂ ಬಂದಿಲ್ಲ. ಅಂದ್ರೆ ರಸ್ತೆನ ತೆಂಗಿನಮರ ಹತ್ತಿ ನೋಡಿದೀರ, ಅಜ್ಜನ್ನ ಮಾತ್ರ ನೆಲದ ಮೇಲೆ ಎದುರಿಗೆ ನಿಂತು ನೋಡಿದೀರ. ಒಂದೇ ಚಿತ್ರದಲ್ಲಿ ಕಣ್ಣು ಎರಡು ಕಡೆ ಇದ್ರೆ ರಸ್ತೆ ಏಳ್ದೆ ಇನ್ನೇನ್ ಮಾಡತ್ತೆ?

ಪರ್ಸ್‌ಪೆಕ್ಟಿವ್, ಅಂದ್ರೆ ಹತ್ರ ದೂರನ ಚಪ್ಪಟೆ ಹಾಳೆ ಮೇಲೆ ಕಣ್ಣಿಗೆ ಕಂಡಂಗೆ ತೋರಿಸೋ ವಿಧಾನ, ಅಂದ ತಕ್ಷಣ ಎಲ್ರೂ ಸೇರೋ ಗೆರೆಗಳನ್ನ ಕಲಿಸ್ತಾರೆ, ನಾನು ಮಾತ್ರ ಮೊದಲು ಐ ಲೆವೆಲ್ ಗೆರೆ ಎಳೆಸ್ತೀನಿ. ನಿಮ್ಮ ಕಣ್ಣು ಎಷ್ಟು ಎತ್ತರದಲ್ಲಿದ್ಯೋ ಅದೇ ಆ ಅಡ್ಡಗೆರೆ, ಸಮನೆಲದ ರಸ್ತೆಯ ವ್ಯಾನಿಶಿಂಗ್ ಪಾಯಿಂಟೂ ಅದರ ಮೇಲೇ ಕೂರತ್ತೆ. ಸಮನೆಲದ ಮೇಲೆ ನೀವು ನಿಂತು ಬರೀತಿದ್ರೆ ನಿಮ್ಮಷ್ಟೇ ಎತ್ತರದವರು ಹತ್ರ ಇರ್ಲಿ, ಒಂದು ಫರ್ಲಾಂಗ್ ಆಚೆ ಇರ್ಲಿ, ಅವರ ಕಣ್ಣು ಆ ಗೆರೆ ಮೇಲೇ ಬರತ್ತೆ, ದೂರ ಹೋದಂಗೆ ಕಾಲು ಮಾತ್ರ ಮೇಲಕ್ಕೆ ಬರ್ತಾ ಹೋಗತ್ತೆ. ನಿಮ್ಮ ಕಣ್ಣಿನ ಅರ್ಧ ಎತ್ತರ ಇರೋ ಮಗುನ ಬರೀಬೇಕಾ, ಮಗು ನಿಂತ ಜಾಗದಿಂದ ಆ ಗೆರೆವರೆಗೆ ಎಷ್ಟಿದ್ಯೋ ಅದರಲ್ಲಿ ಅರ್ಧಕ್ಕೆ ತಲೆ ನಿಲ್ಲಿಸಿ. ಇಷ್ಟು ಗೊತ್ತಾದ್ರೆ ಸಂತೆ ಜನಾನೇ ಬರೀಬಹುದು. ನಾಳೆ ಬೆಳಗ್ಗೆ ಏರಿ ಮೇಲೆ ಹೋಗಿ ನಿಂತು ನೋಡಿ, ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿ. ಕೂತಾಗ ಬರೋರೆಲ್ಲರ ತಲೆ ಗೆರೆಗಿಂತ ಮೇಲಕ್ಕೆ ಹೋಗತ್ತೆ.

ಇನ್ನು ಕಂಬಗಳು. ಅಂದಾಜಲ್ಲಿ ಹಾಕ್ಬೇಡಿ. ಮೊದಲ ಎರಡು ಕಂಬ ನಿಮ್ಮ ಕಣ್ಣಿಗೆ ಕಂಡಂಗೆ ಹಾಕಿ, ಮೊದಲನೆಯದರ ತುದಿಯಿಂದ ಒಂದು, ಬುಡದಿಂದ ಒಂದು ತೆಳು ಗೆರೆ ವ್ಯಾನಿಶಿಂಗ್ ಪಾಯಿಂಟ್‌ಗೆ ಎಳೀರಿ, ಎರಡನೇ ಕಂಬ ಈ ಎರಡು ಗೆರೆ ನಡುವೆ ಕೂತಿರಬೇಕು. ಈಗ ಮೊದಲ ಕಂಬದ ತುದಿಯಿಂದ ಎರಡನೇ ಕಂಬದ ಸರಿ ನಡುಮಧ್ಯಕ್ಕೆ ಒಂದು ಓರೆಗೆರೆ ಎಳೆದು ಹಾಗೇ ಮುಂದುವರಿಸಿ, ಅದು ಬುಡದ ಗೆರೆನ ಎಲ್ಲಿ ಮುಟ್ಟತ್ತೋ ಅಲ್ಲೇ ಮೂರನೇ ಕಂಬ. ಎರಡರಿಂದ ಮೂರರ ಮಧ್ಯಕ್ಕೆ ಮತ್ತೆ ಓರೆಗೆರೆ, ನಾಲ್ಕನೇ ಕಂಬ. ಇಟಲಿಯಲ್ಲಿ ಆಲ್ಬರ್ಟಿ ಅನ್ನೋರು 1435ರಲ್ಲಿ ಚಿತ್ರಕಲೆ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಪುಸ್ತಕ ಬರೆದ್ರು, ಅದರಲ್ಲಿ ಇದೇ ತಕರಾರು ಇದೆ ನೋಡಿ, ಆಗಿನ ಕೆಲವು ಪೇಂಟರ್‌ಗಳು ನೆಲಹಾಸಿನ ಒಂದೊಂದು ಸಾಲನ್ನೂ ಹಿಂದಿನದಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಮಾಡ್ತಾ ಅಂದಾಜಲ್ಲಿ ಹೋಗ್ತಿದ್ರು, ಅದು ತಪ್ಪು ಅಂತ ಅವರು ಬರೀತಾರೆ. ಗೆರೆಗಳು ಸೇರೋ ಚುಕ್ಕಿ ಚಿತ್ರದೊಳಗಿನ ಮನುಷ್ಯನ ಎತ್ತರಕ್ಕಿಂತ ಮೇಲೆ ಇರಬಾರ್ದು, ಆಗ್ಲೇ ನೋಡೋರೂ ಚಿತ್ರದೊಳಗಿನವರೂ ಒಂದೇ ನೆಲದ ಮೇಲೆ ನಿಂತಂಗೆ ಇರತ್ತೆ ಅಂತಾನೂ ಹೇಳ್ತಾರೆ. ನಿಮ್ಮ ಅಜ್ಜನಿಗೂ ನಿಮಗೂ ಆಗಬೇಕಿದ್ದಿದ್ದು ಅದೇ.

ಪ್ರಶ್ನೆ: ಈ ಪರ್ಸ್‌ಪೆಕ್ಟಿವ್‌ನ ಮೊದಲು ಕಂಡುಹಿಡಿದೋರು ಯಾರು? ನಮ್ಮ ಮೈಸೂರು ಶೈಲಿ ಚಿತ್ರಗಳಲ್ಲಿ ಪರ್ಸ್‌ಪೆಕ್ಟಿವ್ ಇಲ್ವಲ್ಲ, ನಮ್ಮೋರಿಗೆ ಬರ್ತಿರ್ಲಿಲ್ವಾ? (ಮೈಸೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ದೂರದ್ದು ಚಿಕ್ಕದಾಗಿ ಕಾಣತ್ತೆ ಅನ್ನೋದು ಎಲ್ಲಾ ಕಾಲದೋರಿಗೂ ಗೊತ್ತಿತ್ತು. ಅದನ್ನ ಲೆಕ್ಕಕ್ಕೆ ಕೂರಿಸಿ ತೋರಿಸಿದ್ದು ಇಟಲಿಯ ಫ್ಲಾರೆನ್ಸ್ ಊರಿನ ಬ್ರುನೆಲೆಸ್ಕಿ, ಸುಮಾರು 1420ರ ಆಸುಪಾಸು. ಅಲ್ಲಿನ ದೊಡ್ಡ ಚರ್ಚಿನ ಗುಮ್ಮಟ ಕಟ್ಟಿದ್ರಲ್ಲ, ಅವರೇ, ಮೊದಲು ಅಕ್ಕಸಾಲಿ ಕೆಲಸ ಕಲ್ತೋರು. ಅವರು ಮಾಡಿದ್ದನ್ನ ಓದಿದಾಗೆಲ್ಲ ನಂಗೆ ಮೈ ಜುಮ್ ಅನ್ನತ್ತೆ. ಚರ್ಚಿನ ಬಾಗಿಲ ಒಳಗೆ ನಿಂತು ಎದುರಿಗಿದ್ದ ಎಂಟು ಮೂಲೆಯ ಬ್ಯಾಪ್ಟಿಸ್ಟ್ರಿ, ಅಂದ್ರೆ ದೀಕ್ಷಾಸ್ನಾನ ಮಾಡಿಸೋ ಕಟ್ಟಡವನ್ನ ಒಂದು ಸಣ್ಣ ಹಲಗೆ ಮೇಲೆ ಬರೆದ್ರು. ಆಕಾಶಕ್ಕೆ ಬಣ್ಣ ಹಾಕ್ಲಿಲ್ಲ, ಉಜ್ಜಿ ಹೊಳಪು ಕೊಟ್ಟ ಬೆಳ್ಳಿ ಹಚ್ಚಿದ್ರು. ಹಲಗೆಗೆ ಒಂದು ತೂತು, ಚಿತ್ರದ ಕಡೆ ಬೇಳೆ ಕಾಳಿನಷ್ಟು, ಹಿಂದುಗಡೆ ಅಗಲ. ನೋಡೋರು ಹಲಗೆಯ ಬೆನ್ನಿಗೆ ಕಣ್ಣಿಟ್ಟು, ಇನ್ನೊಂದು ಕೈಯಲ್ಲಿ ಎದುರಿಗೆ ಕನ್ನಡಿ ಹಿಡಿದು, ಕನ್ನಡಿಯೊಳಗಿನ ಚಿತ್ರ ನೋಡಬೇಕು. ಬೆಳ್ಳಿಯಲ್ಲಿ ನಿಜವಾದ ಮೋಡ ಗಾಳಿಗೆ ಸರೀತಾ ಹೋಗ್ತಿತ್ತಂತೆ, ಚಿತ್ರ ಯಾವುದು ಕಟ್ಟಡ ಯಾವುದು ಗೊತ್ತಾಗ್ತಿರ್ಲಿಲ್ಲ ಅಂತ, ಆ ಹಲಗೆನ ಕೈಯಾರೆ ಹಿಡಿದಿದ್ದ ಮನೆಟ್ಟಿ ಅನ್ನೋರು ಬರೆದಿಟ್ಟಿದಾರೆ. ಹಲಗೆ ಈಗ ಉಳಿದಿಲ್ಲ. ಆ ತೂತು ಯಾಕೆ ಅಂತ ಯೋಚನೆ ಮಾಡಿ, ನೋಡೋರ ಒಂದೇ ಒಂದು ಕಣ್ಣನ್ನ, ಬರೆದೋರ ಕಣ್ಣಿದ್ದ ಜಾಗದಲ್ಲೇ ನಿಲ್ಲಿಸೋಕೆ.

ಈ ಲೆಕ್ಕದಲ್ಲಿ ಬರೆದಿದ್ದರಲ್ಲಿ ಇವತ್ತಿಗೂ ಉಳಿದಿರೋದು ಮಸಾಚೊ ಅನ್ನೋ ಪೇಂಟರ್ ಬರೆದ ‘ಟ್ರಿನಿಟಿ’ ಚಿತ್ರ, ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಗೋಡೆ ಮೇಲೆ, ಸುಮಾರು 1427. ಗಾರೆ ಮೇಲೆ ಮೊಳೆ ಹೊಡೆದು ದಾರ ಕಟ್ಟಿ ಎಳೆದ ಗುರುತು ಇವತ್ತಿಗೂ ಅದರಲ್ಲಿದೆ, ನಮ್ಮ ಬಡಗಿಗಳು ದಾರ ಹಿಡಿದು ಗೆರೆ ಹಾಕ್ತಾರಲ್ಲ ಹಾಗೇ. ಮುಂದಿನ ವರ್ಷವೇ, 30 ತುಂಬೋ ಮೊದಲೇ ಹುಡುಗ ತೀರಿಹೋದ. ನೀವೂ ವ್ಯಾನಿಶಿಂಗ್ ಪಾಯಿಂಟ್‌ನಲ್ಲಿ ಒಂದು ಗುಂಡುಸೂಜಿ ಚುಚ್ಚಿ ದಾರ ಕಟ್ಕೊಳ್ಳಿ, ಯಾವ ಗೆರೆ ತಪ್ಪಿದ್ರೂ ದಾರ ಎಳೆದ ತಕ್ಷಣ ಗೊತ್ತಾಗತ್ತೆ.

ಎರಡನೇ ಮಾತಿಗೆ ನಂಗೆ ಸ್ವಲ್ಪ ಬೇಜಾರಾಯ್ತು. ಬರ್ತಿರ್ಲಿಲ್ವಾ ಅಂತ ಕೇಳೋ ಮೊದಲು ಬಸ್ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗಿ, ಟಿಪ್ಪುವಿನ ದರಿಯಾ ದೌಲತ್ ಅರಮನೆ ಗೋಡೆ ಮೇಲೆ, ಹೈದರ್-ಟಿಪ್ಪು ಇಂಗ್ಲಿಷರನ್ನ ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿ. ಹಿಂದಿನ ಸಾಲಿನ ಕುದುರೆ ಮುಂದಿನ ಸಾಲಿಗಿಂತ ಚಿಕ್ಕದಾಗಲ್ಲ, ಒಂದರ ಮೇಲೊಂದು ಸಾಲು ಕೂರತ್ತೆ, ಅದಕ್ಕೇ ಪಲ್ಲಕ್ಕಿಯೊಳಗಿನ ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ಬೇಯ್ಲಿನೂ, ಸಿಡೀತಿರೋ ಮದ್ದಿನ ಗಾಡಿನೂ, ಸುತ್ತಲ ಸೈನ್ಯವೂ ಒಟ್ಟಿಗೆ ಸ್ಪಷ್ಟವಾಗಿ ಕಾಣ್ತವೆ. ಒಂದು ಕಣ್ಣು, ಒಂದು ಜಾಗ ಅಂತ ಕಟ್ಟು ಹಾಕಿದ್ರೆ ಮುಂದಿನ ನಾಲ್ಕು ಕುದುರೆ ಬೆನ್ನು ಬಿಟ್ರೆ ಇನ್ನೇನೂ ಕಾಣ್ತಿರ್ಲಿಲ್ಲ. ಆ ಗೋಡೆ ಉದ್ದಕ್ಕೂ ನಾವು ನಡ್ಕೊಂಡು ಹೋಗ್ತಾ ನೋಡ್ತೀವಿ, ಮಸಾಚೊ ಗೋಡೆ ಮುಂದೆ ಒಂದು ಕಡೆ ನಿಂತ್ಕೊಂಡು ನೋಡ್ತೀವಿ. ಮೈಸೂರು ಶೈಲಿಯಲ್ಲಿ ದೇವರು ದೊಡ್ಡದು, ಪಕ್ಕದ ಭಕ್ತರು ಚಿಕ್ಕೋರು, ಅದು ದೂರದ ಲೆಕ್ಕ ಅಲ್ಲ. ಎರಡನ್ನೂ ಕಲೀರಿ, ಒಂದರ ಅಳತೆಗೋಲಲ್ಲಿ ಇನ್ನೊಂದನ್ನ ಅಳೀಬೇಡಿ ಅಂತ ಕೈ ಮುಗಿದು ಕೇಳ್ತೀನಿ.

ಪ್ರಶ್ನೆ: ಮಗಳು ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಓದ್ತಿದಾಳೆ. ಸ್ಕೇಲ್ ಇಟ್ಟು ಬರದ್ರೆ ಬರುತ್ತೆ, ಎದುರಿಗೆ ನೋಡಿ ಬರಿ ಅಂದ್ರೆ ಬರಲ್ಲ. ಮನೇಲಿ ಏನು ಮಾಡಿಸ್ಲಿ?

ಉತ್ತರ: ಕಿಟಕಿ ಗಾಜು ಸಾಕು. ವೈಟ್‌ಬೋರ್ಡ್ ಮಾರ್ಕರ್ ಕೊಡಿ, ಪುಸ್ತಕ ಜೋಡಿಸಿ ಅದರ ಮೇಲೆ ಗದ್ದ ಇಡಿಸಿ, ಒಂದು ಕಣ್ಣು ಮುಚ್ಚಿಸಿ, ಎದುರುಮನೆ ಕಾಂಪೌಂಡು, ಮೆಟ್ಟಿಲು, ನಿಂತಿರೋ ಸ್ಕೂಟರು, ಗಾಜಿನಾಚೆ ಕಂಡಿದ್ದನ್ನ ಗಾಜಿನ ಮೇಲೇ ತಿದ್ದಲಿ. ತಲೆ ಅಲ್ಲಾಡಿಸಿದ್ರೆ ಎಲ್ಲಾ ಕೆಟ್ಟೋಗತ್ತೆ, ಅಲ್ಲೇ ಪಾಠ ಆಗೋಯ್ತು. ಚಿತ್ರದ ಚೌಕಟ್ಟನ್ನ ತೆರೆದ ಕಿಟಕಿ ಅಂದ್ಕೊಂಡು ಶುರು ಮಾಡ್ತೀನಿ ಅಂತ ಆಲ್ಬರ್ಟಿನೂ ಬರೆದಿದಾರೆ.

ಮನೆಯಲ್ಲಿ ಒಂದು ವಾರ ಆದ್ಮೇಲೆ ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲ ಬುಡಕ್ಕೆ ಕರ್ಕೊಂಡು ಹೋಗಿ. ಮೆಟ್ಟಿಲು ಹತ್ತೋ ಕಡೆ ನೋಡಿದ್ರೆ ಅಂಚಿನ ಗೆರೆಗಳು ಐ ಲೆವೆಲ್‌ನಲ್ಲಿ ಸೇರಲ್ಲ, ಅದಕ್ಕಿಂತ ಮೇಲೆ ಸೇರ್ತವೆ, ಅರ್ಧ ಹತ್ತಿ ತಿರುಗಿ ಕೆಳಗೆ ನೋಡಿದ್ರೆ ಅದೇ ಗೆರೆಗಳು ಐ ಲೆವೆಲ್‌ಗಿಂತ ಕೆಳಗೆ ಸೇರ್ತವೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ರೂ ಮಕ್ಕಳ ತಲೆಗೆ ಹೋಗದ ವಿಷಯ ಇದು. ಎರಡೂ ಕಡೆ ಒಂದೊಂದು ಚಿತ್ರ ಬರೆಸಿ, ಬಿಸಿಲೇರೋದ್ರೊಳಗೆ ಇಳೀರಿ, ನೀರಿನ ಬಾಟಲು ಮರೀಬೇಡಿ. ಎರಡನ್ನೂ ನಂಗೆ ಕಳಿಸಿಕೊಡಿ, ನೋಡಿ ಹೇಳ್ತೀನಿ.